ಡಾಕ್ಟರ್ ಕಲಿಯೋದು ಯಾರ ಮಂಡಿ ಮೇಲೆ?

ಕಳೆದ ವರ್ಷ ಕಾಲೇಜಿನ ಕಬಡ್ಡಿಯಲ್ಲಿ ರೇಡ್‌ಗೆ ಹೋಗಿ ತಿರುಗುವಾಗ ನನ್ನ ಮಂಡಿಯೊಳಗೆ 'ಟಪ್' ಅಂತ ಸದ್ದಾಯ್ತು. ಎಸಿಎಲ್ ಪೂರ್ತಿ ಹರಿದಿತ್ತು. ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದ ಕೆಳಗೆ ಸ್ಪರ್ಶವಿಲ್ಲ, ಎಚ್ಚರ ಮಾತ್ರ ಇತ್ತು. ಮಾನಿಟರಿನಲ್ಲಿ ನನ್ನದೇ ಮಂಡಿಯ ಲೈವ್! ಕ್ಯಾಮೆರಾ ಹಿಡಿದಿದ್ದವರು ಪಿಜಿ ಡಾಕ್ಟರ್. ಚಿತ್ರ ಆಗಾಗ ವಾಲುತ್ತಿತ್ತು. "ಕ್ಯಾಮೆರಾ ನೇರ ಇಟ್ಕೊಳ್ರೀ, ಲೈಟ್ ಕೇಬಲ್ ಮಾತ್ರ ತಿರುಗ್ಸಿ" ಅಂತ ಸರ್ಜನ್ ಮೂರು ಸಲ ಹೇಳಿದರು.

ಇದು ದೂರಲ್ಲ. ಅವರು ಕಲಿಯದಿದ್ದರೆ ನಾಳೆ ನಮ್ಮ ಜೂನಿಯರ್‌ಗಳ ಮಂಡಿಗೆ ಯಾರು ಗತಿ? ಆದರೆ ಆ ಮೂರರಲ್ಲಿ ಎರಡು ಸಲವಾದರೂ ನನ್ನ ಮಂಡಿಗೆ ಬರುವ ಮೊದಲೇ ಬೇರೆಲ್ಲೋ ಮುಗಿದಿರಬೇಕಿತ್ತು ಅನ್ನೋದು ನನ್ನ ವಾದ.

ಆರ್ತ್ರೋಸ್ಕೋಪ್ ಅಂದ್ರೆ ಸುಮಾರು 4 ಮಿಲಿಮೀಟರ್ ದಪ್ಪದ ಕೊಳವೆ. ತುದಿಯ ಲೆನ್ಸ್ ನೇರ ನೋಡಲ್ಲ, ಸಾಮಾನ್ಯವಾಗಿ 30 ಡಿಗ್ರಿ ಓರೆ. ಹಾಗಾಗಿ ಕೊಳವೆಯನ್ನು ಇದ್ದಲ್ಲೇ ತಿರುಗಿಸಿದರೆ ಮೂಲೆಗಳೂ ಕಾಣ್ತವೆ. ಒಂದು ಕೈಯಲ್ಲಿ ಇದು, ಬೇರೆ ರಂಧ್ರದಿಂದ ಇನ್ನೊಂದು ಕೈಯ ಉಪಕರಣ, ಕಣ್ಣು ಮಾತ್ರ ಪರದೆ ಮೇಲೆ. ಎರಡೂ ತುದಿ ಒಳಗೆ ಸಂಧಿಸಬೇಕು. ಕನ್ನಡಿ ನೋಡ್ಕೊಂಡು ನಿಮ್ಮ ತಲೆ ಹಿಂದಿನ ಕೂದಲು ನೀವೇ ಕತ್ತರಿಸಿ ನೋಡಿ, ಕಷ್ಟ ಸ್ವಲ್ಪ ಗೊತ್ತಾಗುತ್ತೆ.

ಆಮೇಲೆ ಲಿಗಮೆಂಟ್. ನನಗೆ ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ತೆಗೆದು, ಮಡಚಿ ಹಗ್ಗದಂತೆ ಮಾಡಿ, ಮಂಡಿಯ ಮೇಲಿನ ಮತ್ತು ಕೆಳಗಿನ ಮೂಳೆಗಳಲ್ಲಿ ಸುರಂಗ ಕೊರೆದು ಬಿಗಿದರು. ಸುರಂಗದ ಜಾಗ ಕೆಲವೇ ಮಿಲಿಮೀಟರ್ ತಪ್ಪಿದರೂ ಮಂಡಿ ಮಡಚುವಾಗ ಗ್ರಾಫ್ಟ್ ಅತಿಯಾಗಿ ಜಗ್ಗಬಹುದು, ಇಲ್ಲಾ ಸಡಿಲ ಬೀಳಬಹುದು. ಗ್ರಾಫ್ಟ್ ಫೇಲ್ ಆಗೋಕೆ ಇದೊಂದು ಮುಖ್ಯ ಕಾರಣ. ಮೆಕ್ಯಾನಿಕಲ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಟೋಕಿಯೊದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಸಿಸ್ಟೋಸ್ಕೋಪ್ ಹಾಕಿ ಇಣುಕಿದ್ದು ಶವದ ಮಂಡಿಯೊಳಗೆ. ಶವದ ಮೇಲಿನ ತರಬೇತಿ ಇವತ್ತಿಗೂ ಎಲ್ಲ ಪಿಜಿಗಳಿಗೆ ಬೇಕಾದಾಗ ಸಿಗಲ್ಲ. ವಿಆರ್ ಸಿಮ್ಯುಲೇಟರ್‌ಗಳಿವೆ, ಬೆಲೆ ಕೇಳಿದರೆ ಇನ್ನೊಂದು ಲಿಗಮೆಂಟ್ ಹರಿಯುತ್ತೆ.

ನಮ್ಮ ಕೈಲಿ ಏನಾಗುತ್ತೆ? 3ಡಿ ಪ್ರಿಂಟ್ ಮಾಡಿದ ಮೂಳೆ, ಮೇಲೊಂದು ಸಿಲಿಕೋನ್ ಚರ್ಮ, ಯುಎಸ್‌ಬಿ ಕ್ಯಾಮೆರಾ, ಲ್ಯಾಪ್‌ಟಾಪ್. ಅಗ್ಗದ ಕ್ಯಾಮೆರಾ ನೇರ ನೋಡುತ್ತೆ, ಅದನ್ನ 30 ಡಿಗ್ರಿ ಓರೆ ಕೂರಿಸೋದೇ ಮೊದಲ ತಲೆನೋವು. ಉಪಕರಣ ಕಾರ್ಟಿಲೇಜ್‌ಗೆ ತಗುಲಿದ್ರೆ ಬಜರ್ ಹೊಡೀಬೇಕು, ಅದು ಇಸಿಯವರ ಪಾಲು. ಇದರಿಂದ ಯಾರೂ ಸರ್ಜನ್ ಆಗಲ್ಲ, ಕೈ ಪಳಗುತ್ತೆ ಅಷ್ಟೇ. ಆದರೂ ಪ್ರತಿ ವರ್ಷ ಅದೇ ಆರ್‌ಎಫ್‌ಐಡಿ ಅಟೆಂಡೆನ್ಸ್ ಪ್ರಾಜೆಕ್ಟ್ ಮಾಡೋದಕ್ಕಿಂತ ಮೇಲು. ಒಂದೇ ಷರತ್ತು: ಸಿಎಡಿ ತೆರೆಯೋ ಮೊದಲು ಒಬ್ಬ ಪಿಜಿ ಡಾಕ್ಟರ್ ಜೊತೆ ಕೂತು ಅವರ ಕೈ ಎಲ್ಲಿ ತಡವರಿಸುತ್ತೆ ಅಂತ ಕೇಳಬೇಕು.

ನನ್ನ ಮಂಡಿಗೆ ಕ್ಯಾಮೆರಾ ಹಿಡಿದಿದ್ದವರನ್ನೇ ಚೆಕಪ್‌ಗೆ ಹೋದಾಗ ಕೇಳಿದೆ. ನಕ್ಕು, "ಭಾನುವಾರ ಬನ್ನಿ" ಅಂದರು. ನಾವು ಇಬ್ಬರಿದ್ದೀವಿ, ಇಬ್ಬರೂ ಸಿಎಸ್. ಒಬ್ಬ ಮೆಕ್ಯಾನಿಕಲ್, ಒಬ್ಬ ಇಸಿ ಬೇಕು.