ಗುಹ್ಯವೆಂಬ ಮಾತು

ಶೃಂಗಾರರಸವನ್ನು ತರಗತಿಯಲ್ಲಿ ಸಂಕೋಚವಿಲ್ಲದೆ ವಿವರಿಸುವ ನಾನು, ಮೊನ್ನೆ ಪಿ.ಯು.ಸಿ. ವಿದ್ಯಾರ್ಥಿಯೊಬ್ಬ “ಸಾರ್, ಗುಹ್ಯರೋಗವೆಂದರೇನು?” ಎಂದಾಗ, “ಮುಂದೆ ತಾನೇ ತಿಳಿಯುತ್ತದೆ, ಹೋಗಪ್ಪ” ಎಂದು ಜಾರಿಕೊಂಡೆ. ತಪ್ಪು ಮಾಡಿದೆ.

ಗುಹ್ಯವೆಂದರೆ ಮುಚ್ಚಿಡತಕ್ಕದ್ದು. ರೋಗ ಬೆಳೆಯಲು ಆ ಮುಚ್ಚುಮರೆಯೇ ಸಾಕು. ಸಿಫಿಲಿಸ್ಸಿನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಗುಣವಾಯಿತೆಂದು ಹುಡುಗ ನೆಮ್ಮದಿಗೊಳ್ಳುವನು. ರೋಗವಾದರೋ ಒಳಗೇ ಉಳಿದು, ವರ್ಷಗಳ ಮೇಲೆ ಹೃದಯವನ್ನೋ ಮಿದುಳನ್ನೋ ಕೆಡಿಸೀತು. ಸಕಾಲದಲ್ಲಿ ರಕ್ತಪರೀಕ್ಷೆಯಾದರೆ ಪೆನಿಸಿಲಿನ್ನಿನಿಂದ ವಾಸಿಯಾಗುವ ರೋಗವಿದು. ನಿರೋಧ್ ಬಳಸಿದರೆ ಸೋಂಕಿನ ಭಯವೂ ಬಹಳಮಟ್ಟಿಗೆ ತಗ್ಗುತ್ತದೆ.

ಇಷ್ಟನ್ನು ಹೇಳಿದರೆ ಮಕ್ಕಳು ದಾರಿ ತಪ್ಪುವರೆಂದು ಹಿರಿಯರ ಅಂಜಿಕೆ. ನಾವು ಹೇಳದಿದ್ದರೆ ಅವರು ಕೇಳುವುದನ್ನೇನೂ ಬಿಡರು, ಅರಿಯದವರನ್ನು ಕೇಳುವರು. ನಾಳೆ ಆ ಹುಡುಗನನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಉತ್ತರ ಹೇಳುತ್ತೇನೆ.