ಹಗ್ಗ ಮಾತ್ರ ಮರಳಿ ಬಂತು

ರಜೆ ಬಂದರೆ ಅಕ್ಕನ ಮಗ ನಮ್ಮ ಮನೆಯಲ್ಲೇ. ಎಂಟು ವರ್ಷ. ಮೊನ್ನೆ ಅವನ ಜೊತೆ ಕೂತು 'ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್' ನೋಡಿದೆ. 1992ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಮಕ್ಕಳಿಗೆಂದೇ ಶುರುವಾದ ಕಾರ್ಟೂನ್ ಅದು. ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಅನಾಥನಾಗುವ ಕಂತು ಬಂತು. ಸರ್ಕಸ್ ಡೇರೆ. ಅಪ್ಪ ಅಮ್ಮ ಜೋಕಾಲಿಯಲ್ಲಿ ತೂಗುತ್ತಾ ನಮ್ಮ ಕಣ್ಣಳತೆ ದಾಟಿ ಹೋಗುತ್ತಾರೆ. ಮರಳಿ ಬರುವುದು ತುಂಡಾದ ಹಗ್ಗ ಮಾತ್ರ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಬಿದ್ಬಿಟ್ರು ಅಲ್ವಾ ಚಿಕ್ಕಮ್ಮ?" ಅಂದ.

ಚಿತ್ರಕಲಾ ಶಿಕ್ಷಕಿಯಾಗಿ ನನಗೆ ಆ ಹಗ್ಗದ ಮೇಲೆ ಅಪಾರ ಗೌರವ. ಸಾವನ್ನು ಕಣ್ಣೆದುರು ತೋರಿಸುವಂತಿಲ್ಲ ಎಂಬ ಕಟ್ಟುಪಾಡಿನೊಳಗೇ ಹುಟ್ಟಿದ ಚಿತ್ರ ಅದು. ಆ ಸರಣಿಯ ಹಿನ್ನೆಲೆಗಳನ್ನು ಕಪ್ಪು ಕಾಗದದ ಮೇಲೆ ಬರೆದಿದ್ದರು; ಕತ್ತಲು ಮೊದಲೇ ಅಲ್ಲಿರುತ್ತಿತ್ತು, ಬಣ್ಣ ಹಚ್ಚಿ ಬೆಳಕು ತರುತ್ತಿದ್ದರು.

ಇದೇ ಸರಣಿಯ ಮಿಸ್ಟರ್ ಫ್ರೀಜ್‌ನನ್ನು ನೋಡಿ. 1959ರ ಕಾಮಿಕ್ಸ್‌ನಲ್ಲಿ ಅವನು ಮಿಸ್ಟರ್ ಝೀರೋ, ಹಿಮದ ಬಂದೂಕು ಹಿಡಿದ ಬರೀ ಕಳ್ಳ. ಕಾರ್ಟೂನಿಗೆ ಬರೆದ ಪಾಲ್ ಡಿನಿ ಅವನಿಗೊಬ್ಬ ಹೆಂಡತಿಯನ್ನು ಕೊಟ್ಟರು. ಮದ್ದು ಸಿಗುವವರೆಗೆ ಕಾಯಿಲೆಯ ನೋರಾಳನ್ನು ಹೆಪ್ಪುಗಟ್ಟಿಸಿ ಉಳಿಸಿಕೊಂಡ ವಿಜ್ಞಾನಿ, ಖರ್ಚು ಹೆಚ್ಚೆಂದು ಪ್ರಯೋಗ ನಿಲ್ಲಿಸುವ ಕಂಪನಿ ಮಾಲೀಕ. ಕೊನೆಗೆ ಜೈಲಿನಲ್ಲಿ ಗಾಜಿನ ಬುರುಡೆಯೊಳಗಿನ ನರ್ತಕಿಯ ಗೊಂಬೆ ಹಿಡಿದು ಅವನು ಹೆಂಡತಿಯ ಕ್ಷಮೆ ಕೇಳುತ್ತಾನೆ. ಮುಂದೆ ಕಾಮಿಕ್ಸ್‌ನವರೇ ಈ ಕಥೆಯನ್ನು ತಮ್ಮದಾಗಿಸಿಕೊಂಡರು.

1994ರ ಸ್ಪೈಡರ್‌ಮ್ಯಾನ್ ಕಾರ್ಟೂನಿನಲ್ಲಿ ರಕ್ತ ಹೀರುವ ಮೊರ್ಬಿಯಸ್ 'ರಕ್ತ' ಎನ್ನುವಂತಿಲ್ಲ, 'ಪ್ಲಾಸ್ಮಾ' ಎನ್ನಬೇಕು. ಕಚ್ಚುವಂತಿಲ್ಲ, ಅಂಗೈಯಿಂದ ಹೀರಬೇಕು. ಅದನ್ನು ನೋಡುವಾಗ ನಮ್ಮ ಹುಡುಗನಿಗೆ ಭಯವೂ ಆಗಲಿಲ್ಲ, ಅಯ್ಯೋ ಪಾಪ ಎಂದೂ ಅನ್ನಿಸಲಿಲ್ಲ. ಕಟ್ಟುಪಾಡು ಎರಡು ಕಡೆಯೂ ಇತ್ತು. ಇಲ್ಲಿ ಪದ ಬದಲಿಸಿ ಕೈತೊಳೆದುಕೊಂಡರು, ಅಲ್ಲಿ ಕೂತು ಯೋಚಿಸಿದರು. ಮಕ್ಕಳಿಗೆಂದು ರಕ್ತ ತೆಗೆಯಲಿ, ನನ್ನ ತಕರಾರಿಲ್ಲ. ಆದರೆ ಅದರ ಜೊತೆಗೆ ದುಃಖವನ್ನೂ ಬಳಿದು ಎಸೆದರೆ ಮಗುವಿನ ಪಾಲಿಗೆ ಉಳಿಯುವುದು ಬರೀ ಹೊಡೆದಾಟ. "ಕಾರ್ಟೂನ್ ತಾನೇ, ಅಳಿಸೋದು ಯಾಕೆ?" ಎಂದು ಕೇಳುವ ಹಿರಿಯರು ತಮ್ಮ ಮಕ್ಕಳ ಪಕ್ಕ ಒಮ್ಮೆ ಕೂತು ನೋಡಬೇಕು.

ಮರುದಿನ ದೋಸೆ ತಿನ್ನುತ್ತಾ ಅವನು ಕೇಳಿದ, "ಆ ನೋರಾಗೆ ವಾಸಿ ಆಯ್ತಾ?" 1998ರ 'ಸಬ್‌ಝೀರೋ' ಚಿತ್ರದಲ್ಲಿ ಉತ್ತರವಿದೆ. ನಾನು ಹೇಳಲಿಲ್ಲ. ಭಾನುವಾರ ಇಬ್ಬರೂ ಕೂತು ನೋಡುತ್ತೇವೆ.