ಮನೆಯ ತೀರ್ಮಾನಗಳಲ್ಲಿ ಭಾವವೂ ವಿವೇಕವೂ

ಹೆಂಗಸರು ಭಾವಕ್ಕೆ ವಶರು, ಗಂಡಸರು ಬುದ್ಧಿಗೆ ವಶರು ಎಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು. ಹೀಗೆ ಹೇಳತಕ್ಕವರು ಹೊಗೆಸೊಪ್ಪಿನ ಹರಾಜಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ಯಾವುದಾದರೊಂದು ಗ್ರಾಮದಲ್ಲಿ ಎಂಟು ದಿನ ನಿಂತು ನೋಡಬೇಕು. ಮುಂಗಾರಿನ ಮೊದಲ ಮಳೆಗಳಲ್ಲಿ ನೆಟ್ಟ ಸಸಿಯು ಬೆಳೆದು, ಬ್ಯಾರನ್ನಿನ ಶಾಖದಲ್ಲಿ ಹದವಾಗಿ, ಬೇಲುಗಳಾಗಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯನ್ನು ಸೇರಿ ಹಣವಾಗುವ ಹೊತ್ತಿಗೆ ವರ್ಷದ ಬಹುಪಾಲು ಸವೆದಿರುತ್ತದೆ. ಅಷ್ಟು ದಿನ ಬಿಗಿಹಿಡಿದಿದ್ದ ಮನಸ್ಸು ಒಳ್ಳೆಯ ದರ ಸಿಕ್ಕಿದೊಡನೆ ಸಡಿಲುತ್ತದೆ. ಮಗಳ ಮದುವೆಗೆ ದೊಡ್ಡ ಛತ್ರ, ಊರಿಗೆಲ್ಲ ಊಟ, ಹಿಂದಿನ ಸಾಲ ಮುಂದಿನ ವರ್ಷಕ್ಕೆ! ದರ ಬಿದ್ದ ವರ್ಷ ಅದೇ ಯಜಮಾನರು ಅದೇ ಮಗಳ ಓದನ್ನು ಬಿಡಿಸಲು ಹೊರಡುತ್ತಾರೆ. ಎರಡು ವರ್ಷವೂ ತೀರ್ಮಾನ ಮಾಡಿದುದು ಹೊಗೆಸೊಪ್ಪಿನ ದರವೇ. ಕೃಷ್ಣರಾಜನಗರದ ಕಡೆ ನಾಲೆಯ ಕೆಳಗೆ ಬೆಳೆದ ಭತ್ತದ ಹಣಕ್ಕೂ ಈ ಮಾತು ಸಲ್ಲುವುದು.

ಹಾಗೆಂದು ಭಾವವನ್ನು ಮನೆಯಿಂದ ಹೊರದೂಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಗೋಪುರವನ್ನು ಕಟ್ಟಬೇಕೆನ್ನುವವನು ಮೊದಲು ಕುಳಿತು ಅದರ ವೆಚ್ಚವನ್ನು ಲೆಕ್ಕಹಾಕಲಿ ಎಂದು ಬೋಧಿಸಿದ ಯೇಸುಸ್ವಾಮಿಯೇ ಲಾಜರನ ಸಮಾಧಿಯ ಬಳಿ ಕಣ್ಣೀರಿಟ್ಟನೆಂಬುದನ್ನು ಈ ಶಾಲೆಯಲ್ಲಿ ಓದಿದವರು ಬಲ್ಲರು. ಲೆಕ್ಕವೂ ಕಣ್ಣೀರೂ ಒಂದೇ ಹೃದಯದಲ್ಲಿ ಇರಬಲ್ಲವು.

ನನ್ನ ಆಕ್ಷೇಪಣೆಯಿರುವುದು ಬೇರೊಂದು ಕಡೆ. ನಮ್ಮ ಮನೆಗಳಲ್ಲಿ ವಿವೇಕವೆಂಬ ಹೆಸರಿನಿಂದ ಮಾತನಾಡುವುದು ಅನೇಕ ಸಲ ಭಯವೇ ಆಗಿರುತ್ತದೆ. ಹುಡುಗಿಯು ಎಸ್.ಎಸ್.ಎಲ್.ಸಿ. ಮುಗಿಸಿ ಮುಂದೆ ಓದುತ್ತೇನೆಂದರೆ, ಕಾಲೇಜು ದೂರ, ಬಸ್ಸಿನ ಖರ್ಚು ಹೆಚ್ಚು ಎಂಬ ಉತ್ತರ ಬರುತ್ತಿತ್ತು. ೨೦೨೩ನೆಯ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ತನ್ನ ಸಾರಿಗೆ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕೊಟ್ಟಿತು. ಖರ್ಚಿನ ಮಾತು ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಿತೆ? ಕಾಲ ಕೆಟ್ಟಿದೆ, ಜನ ಏನೆಂದಾರು, ಒಳ್ಳೆಯ ವರ ಕಾಯುವುದಿಲ್ಲ ಎಂಬ ಬೇರೆ ಕಾರಣಗಳು ಆ ಸ್ಥಾನಕ್ಕೆ ಬಂದು ಕುಳಿತವು. ಒಂದು ಕಾರಣ ತೀರಿದೊಡನೆ ಮತ್ತೊಂದು ಸಿದ್ಧವಾಗುವುದಾದರೆ, ತೀರ್ಮಾನವು ಕಾರಣಗಳಿಗಿಂತ ಮುಂಚೆಯೇ ಆಗಿಹೋಗಿತ್ತೆಂದು ತಿಳಿಯಬೇಕು.

ಭಯವೆಲ್ಲವೂ ಹುಸಿಯೆಂದು ಹೇಳಲಾರೆ. ಹೆಗ್ಗಡದೇವನಕೋಟೆಯ ಕಾಡಂಚಿನ ಊರಿನಲ್ಲಿ, ಕತ್ತಲಾದ ಮೇಲೆ ಮಗಳು ಬಸ್ಸಿಳಿದು ಆನೆ ತಿರುಗಾಡುವ ದಾರಿಯಲ್ಲಿ ನಡೆದು ಬರಬೇಕಲ್ಲಾ ಎಂದು ಅಂಜುವ ತಾಯಿಯನ್ನು ಯಾರು ಹಳಿದಾರು? ಆ ಭಯಕ್ಕೆ ಉತ್ತರವುಂಟು: ವಿದ್ಯಾರ್ಥಿನಿಲಯ, ಮುಂಚಿನ ಬಸ್ಸು, ಜೊತೆಗೆ ಬರುವ ಗೆಳತಿಯರು, ತಾಲ್ಲೂಕು ಕೇಂದ್ರದಲ್ಲಿರುವ ಅತ್ತೆಯ ಮನೆ. ಜನ ಏನೆಂದಾರು ಎಂಬ ಭಯಕ್ಕೆ ಇಂಥ ಉತ್ತರವಾವುದೂ ಇಲ್ಲ. ಈ ಭೇದವನ್ನು ಕಾಣುವುದೇ ವಿವೇಕದ ಕೆಲಸ.

ಈ ಭಯವು ಹಳೆಯದು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದಾಗಲೂ ಆಕ್ಷೇಪಣೆಗಳು ಎದ್ದವು. ಎಂಟೇ ವರ್ಷಕ್ಕೆ! ೧೯೨೯ರ ಶಾರದಾ ಕಾಯಿದೆಯು ಹೆಣ್ಣಿಗೆ ೧೪ ವರ್ಷವನ್ನು ಗೊತ್ತುಮಾಡಿತು. ೧೯೭೮ರ ತಿದ್ದುಪಡಿಯಿಂದ ಅದು ೧೮ ಆಯಿತು. ಹಿಂದಿನ ಆಕ್ಷೇಪಣೆಗಳು ಇಂದು ನಮಗೆ ವಿಚಿತ್ರವಾಗಿ ತೋರುತ್ತವೆ; ಆಡಿದವರಿಗೆ ಅವು ಬುದ್ಧಿವಂತಿಕೆಯ ಮಾತುಗಳಾಗಿಯೇ ತೋರಿದ್ದಿರಬೇಕು.

ಇನ್ನು ಹುಡುಗಿಯ ಕಣ್ಣೀರಿನ ವಿಚಾರ. ಅದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದು ವಾಡಿಕೆ. ಅರಸನಾದ ಸೊಲೊಮೋನನು ಹಾಗೆ ಮಾಡಲಿಲ್ಲ. ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಜಗಳವಾಡುತ್ತ ಬಂದಾಗ ಅವನಿಗೆ ಸಾಕ್ಷಿಗಳಿರಲಿಲ್ಲ. ಕತ್ತಿ ತರಿಸಿದೊಡನೆ ಯಾವಳ ಕರುಳು ಕರಗಿತೋ ಅವಳೇ ತಾಯಿಯೆಂದು ಅವನು ನಿರ್ಣಯಿಸಿದನು. ಭಾವವನ್ನೇ ಸಾಕ್ಷಿಯಾಗಿ ವಿಚಾರಿಸಿದುದು ಅವನ ಬುದ್ಧಿವಂತಿಕೆ. ಮಗಳು ಅತ್ತರೆ ಏತಕ್ಕೆ ಅಳುತ್ತಾಳೆಂದು ಕೇಳಿ ತಿಳಿಯುವ ತಂದೆಯು ಅದೇ ದಾರಿಯಲ್ಲಿದ್ದಾನೆ. ಕೇಳಿದ ಮೇಲೂ ಅವಳು ಬೇಡಿದುದು ಆಗದೆ ಹೋಗಬಹುದು. ಆಗ ಅದಕ್ಕೆ ಕಾರಣವನ್ನು ಅವಳಿಗೇ ಹೇಳಬೇಕು.

ಸೋದರಿಯರೇ, ನಿಮ್ಮಲ್ಲಿ ಅನೇಕರು ಈಗ ಗೃಹಿಣಿಯರು, ತಾಯಂದಿರು. ಶಾಲೆಯಲ್ಲಿ ಕಲಿತ ಅಂಕಗಣಿತವನ್ನು ಇಂಥ ಸಮಯಕ್ಕಲ್ಲದೆ ಮತ್ತಾವುದಕ್ಕೆ ಕಾಪಾಡಿಟ್ಟಿದ್ದೀರಿ? ಮದುವೆಗೆಂದು ೩ ಲಕ್ಷ ರೂಪಾಯಿ ಕೈಸಾಲವನ್ನು ನೂರಕ್ಕೆ ತಿಂಗಳಿಗೆ ೨ ರೂಪಾಯಿ ಬಡ್ಡಿಯಂತೆ ತಂದರೆ, ವರ್ಷಕ್ಕೆ ಬಡ್ಡಿಯೇ ೭೨,೦೦೦ ರೂಪಾಯಿ. ಅದನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರ ಮುಂದಿಡಿರಿ. ಬಾಯಿಮಾತಿಗೆ ಸಿಟ್ಟಾಗುವವರೂ ಬರೆದ ಲೆಕ್ಕವನ್ನು ಓದಿಯೇ ಓದುತ್ತಾರೆ. ಮಾತುಕತೆ ನಡೆಯುವಾಗ ಹುಡುಗಿಯನ್ನು ಅಡಿಗೆಮನೆಗೆ ಕಳುಹಿಸದೆ ಅಲ್ಲಿಯೇ ಕೂರಿಸಿಕೊಳ್ಳಿರಿ. ಹರಾಜಿನ ಹಣ ಬಂದ ದಿನ ಯಾರಿಗೂ ಮಾತು ಕೊಡಬೇಡಿರಿ; ದರ ಬಿದ್ದ ದಿನವೂ ಕೊಡಬೇಡಿರಿ. ಎಂಟು ದಿನ ಕಳೆಯಲಿ. ಅಷ್ಟರೊಳಗೆ ಕೈತಪ್ಪಿಹೋಗುವ ವರನಾದರೆ, ಹೋಗಲಿ ಬಿಡಿರಿ.